ಹಗಲು ಹೊತ್ತಿನ ಊಟ

ಈರಮ್ಮ ಮಧ್ಯಾಹ್ನ ಮೂರು ಬಟ್ಟಲಿಗೆ ಬಡಿಸುತ್ತಿದ್ದಳು. ಎರಡು ಖಾಲಿಯಾಗುತ್ತಿದ್ದವು. ಮೂರನೆಯದು ಸೊಸೆ ಮಂಗಲಾಳದ್ದು. ಕುಚಲಕ್ಕಿ ಅನ್ನಕ್ಕೆ ಹಾಕಿದ ಬಂಗಡೆ ಸಾರು ತಣಿಯುವವರೆಗೆ ಅವಳು ಬೆರಳಿನಿಂದ ಅನ್ನವನ್ನು ಆಚೆ ಈಚೆ ಸರಿಸುತ್ತ ಕೂರುವಳು. ಉಳಿದವರು ಎದ್ದ ಮೇಲೆ ಬಟ್ಟಲು ಎತ್ತಿಕೊಂಡು ಹೋಗಿ ಬೆಕ್ಕಿಗೆ ಸುರಿಯುವಳು.

"ಇವತ್ತೂ ಬೆಕ್ಕಿಗೇ ಹಬ್ಬವಾ?" ಅಂದಳು ಈರಮ್ಮ.

"ಹಸಿವಿಲ್ಲ ಅತ್ತೆ. ಸಂಜೆ ಮೇಲೆ ಉಣ್ತೆ."

"ಸಂಜೆ ಮೇಲೆ ಎಂತ ಉಣ್ಣುದು? ನಿನ್ನೆ ಒಂದು ಸೌಟು ಗಂಜಿ ತೆಳಿ ಕುಡ್ದು ಮಲಗಿದ್ದು ನಾ ಕಾಣಲಿಲ್ವಾ? ನನ್ನ ಕೈ ಅಡಿಗೆ ಸೇರುದಿಲ್ಲ ಅಂತ ಬಾಯಿ ಬಿಟ್ಟು ಹೇಳು. ಆತು, ನಾಳೆಯಿಂದ ಸೌಟು ನೀನೇ ಹಿಡಿ."

"ಅಡಿಗೆ ಚಲೋನೇ ಅದೆ ಅತ್ತೆ."

"ಚಲೋ ಇದ್ದದ್ದಕ್ಕೇ ಬೆಕ್ಕಿಗೆ ಹಾಕಿದ್ದಾ?"

"ಉಣ್ಣುವಾಗ ಜಗಳ ಬ್ಯಾಡ್ದೇ" ಅಂದ ಮಾವ ಮಾಬ್ಲ, ಮೀನಿನ ಮುಳ್ಳು ಬಿಡಿಸುತ್ತ.

"ನೀವು ಮುಳ್ಳು ನೋಡ್ಕಣಿ. ಗಂಟಲಿಗೆ ಸಿಕ್ಕಿದ್ರೆ ಅದ್ಕೂ ನನ್ನನ್ನೇ ಕರೀತ್ರಿ."

ಮಾಬ್ಲನಿಗೆ ಕಡಲಿಗೆ ಹೋಗುವ ಶಕ್ತಿ ಉಳಿದಿರಲಿಲ್ಲ. ಜಗಲಿಯಲ್ಲಿ ಕೂತು ಊರವರ ಹರಿದ ಬಲೆ ಹೆಣೆದು ಕೊಡುತ್ತಿದ್ದ. ಮಗ ನಾಗಪತಿ ತದಡಿ ಬಂದರಿನಿಂದ ಟ್ರಾಲರ್ ಬೋಟಿನಲ್ಲಿ ಹೋದರೆ ವಾರಕ್ಕೊಮ್ಮೆ ಮನೆ ಕಾಣುವವ. ಮಗಳು ಸೌಜನ್ಯಾ ಕುಮಟೆಯಲ್ಲಿ ಪಿಯುಸಿ ಓದುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಹಾಗಾಗಿ ಹಗಲಿಡೀ ಮನೆಯಲ್ಲಿ ಅತ್ತೆ, ಮಾವ, ಸೊಸೆ.

ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಈರಮ್ಮನ ಅಂಗಳದ ಮೇಲೆ. ಎದುರಿಗೆ ರಸ್ತೆ, ಎಡಕ್ಕೆ ಬಾವಿ, ಹಿಂದೆ ಅಗೆಯಲಾಗದ ಕಲ್ಲುಗುಡ್ಡ. ಬಲಗಡೆ ಇದ್ದ ಸಪಾಟು ಜಾಗವನ್ನು ಈರಮ್ಮ ಸಗಣಿ ಸಾರಿಸಿ, ಹಳೆ ಬಲೆ ಹಾಸಿ, ಬಂಗಡೆ, ಶೆಟ್ಲಿ, ನೊಗಲಿ ಒಣಗಿಸುತ್ತಿದ್ದಳು. ಉಳಿದ ಹೆಂಗಸರು ಕಡಲ ದಂಡೆಯಲ್ಲಿ ಒಣಗಿಸಿದ ಮೀನಿಗೆ ಮರಳು ಹತ್ತಿರುತ್ತಿತ್ತು. ಈರಮ್ಮನ ಮೀನನ್ನು ಕಚ್ಚಿದರೆ ಹಲ್ಲಿಗೆ ಮರಳು ಸಿಗದು. ಹುಬ್ಬಳ್ಳಿಯ ವ್ಯಾಪಾರಿಯ ಟೆಂಪೋ ಬಂದರಿಗೆ ಹೋಗುವ ಮುಂಚೆ ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಅದಕ್ಕೇ. ಮದುವೆಯಾಗಿ ಬಂದಾಗಿನಿಂದ ಕಾಗೆ ಓಡಿಸುತ್ತ, ಮೋಡ ನೋಡುತ್ತ ಅವಳು ಗಳಿಸಿದ ಹೆಸರು ಅದೊಂದೇ.

ಮಂಗಲಾ ಮುರ್ಡೇಶ್ವರದ ಕಡೆಯವಳು. ಬಂದ ಹೊಸತರಲ್ಲಿ ತುಂಬಿದ ಮೀನುಬುಟ್ಟಿ ತಲೆಯ ಮೇಲಿಟ್ಟರೆ ಬಂದರಿನಿಂದ ಮನೆ ತನಕ ಎಲ್ಲಿಯೂ ನಿಲ್ಲುತ್ತಿರಲಿಲ್ಲ. "ಎತ್ತು ಕಟ್ಕಂಡು ಬಂದಂಗೆ ಆತು" ಎಂದು ಈರಮ್ಮನೇ ನೆರೆಮನೆಯ ನೇತ್ರಾಳ ಹತ್ತಿರ ಹೊಗಳಿಕೊಂಡಿದ್ದಳು. ಎರಡನೆಯ ಮಳೆಗಾಲಕ್ಕೆ ಹೊಟ್ಟೆನೋವು ಶುರುವಾಯಿತು. ಕೆಳಹೊಟ್ಟೆಯ ಬಲಗಡೆ ಒದ್ದೆ ಬಟ್ಟೆ ಹಿಂಡಿದ ಹಾಗೆ. ಅದರ ಹಿಂದೆಯೇ ಭೇದಿ, ಸಂಜೆಯ ಜ್ವರ. ಕುಮಟೆಯ ಡಾಕ್ಟರು ಕರುಳಿನ ಟಿಬಿ ಇರಬೇಕು ಅಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಮೂತ್ರ ಕೆಂಪಾಯಿತೇ ಹೊರತು ಮೈ ಹಿಡಿಯಲಿಲ್ಲ. ಕುಪ್ಪಸಗಳನ್ನು ಎರಡೆರಡು ಸಲ ಒಳಗೆ ಹಿಡಿದು ಹೊಲಿದದ್ದಾಯಿತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು.

ಆಮೇಲೆ ಮುಟ್ಟು ನಿಂತಿತು. ಹೊರಗೆ ಕೂರದ್ದನ್ನು ಕಂಡು ನೇತ್ರಾ ಬೇಲಿಯ ಮೇಲಿಂದ "ಈರಕ್ಕ, ಬಾಯಿ ಸಿಹಿ ಯಾವಾಗೆ?" ಅಂದಳು. ಈರಮ್ಮ ಒಂದು ತಿಂಗಳು ನಗುತ್ತ ಇದ್ದಳು. ಎರಡನೆಯ ತಿಂಗಳು ಸುಮ್ಮನಿದ್ದಳು. ಹೊಟ್ಟೆ ಬರಲಿಲ್ಲ. ಇದ್ದ ಹೊಟ್ಟೆಯೂ ಬೆನ್ನಿಗೆ ಹತ್ತಿತು.

ಇನ್ನೊಂದು ಸಂಗತಿ ಮಂಗಲಾಳಿಗೆ ಮಾತ್ರ ಗೊತ್ತಿತ್ತು. ಮಲದ್ವಾರದ ಪಕ್ಕದಲ್ಲಿ ಒಂದು ಹುಣ್ಣು ಆಗಿ, ಒಡೆದು, ಕೀವು ಸೋರುತ್ತಿತ್ತು. ಹಳೆ ಸೀರೆಯ ತುಂಡು ಮಡಚಿ ಇಟ್ಟುಕೊಂಡು ಓಡಾಡುತ್ತಿದ್ದಳು. ಗಂಡನಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ.

*

ಚೌತಿಗೆ ತವರಿಗೆ ಹೋದ ಮಂಗಲಾಳನ್ನು ಅವಳ ತಾಯಿ ಗಂಗಾ ತಾನೇ ತದಡಿಗೆ ಬಿಡಲು ಬಂದಳು. ಗಂಗಾ ಮುರ್ಡೇಶ್ವರದ ದಂಡೆಯಲ್ಲಿ ಯಾತ್ರಿಕರಿಗೆ ಬೇಯಿಸಿದ ಶೇಂಗಾ ಮಾರುವವಳು. ಗಂಡ ಒಂದು ಲಾಡ್ಜಿನಲ್ಲಿ ಕಾವಲುಗಾರ. ಲಾಡ್ಜಿನ ಹಿಂದೆ ಕೆಲಸದವರಿಗೆಂದು ಕಟ್ಟಿದ ಸಾಲುಮನೆಯಲ್ಲಿ ಅವರ ವಾಸ. ಬಂದವಳು ನೀರು ಕುಡಿದು ಜಗಲಿಯಲ್ಲಿ ಕೂತಳು. ಕಾಲು ಚಾಚಲಿಲ್ಲ.

"ಈರಕ್ಕ, ಒಂದು ಮಾತು. ಹುಡ್ಗಿ ನಮ್ಮನೇಲಿ ಮಧ್ಯಾಹ್ನ ಎರಡೆರಡು ಸಲ ಅನ್ನ ಹಾಕಿಸ್ಕಂಡು ಉಂಡದೆ. ಇಲ್ಲಿ ಬಂದ್ರೆ ಬಟ್ಟಲು ಮುಟ್ಟುದಿಲ್ಲ ಅಂತ ನೀವೇ ಹೇಳ್ತ್ರಿ. ಇದ್ಕೆ ಎಂತ ಹೇಳ್ತಾರೆ?"

"ಎಂತ ಹೇಳ್ತಾರೆ?"

"ನಿಮ್ಗೆ ಗೊತ್ತಿಲ್ದೇ ಇಲ್ಲ."

ಗೊತ್ತಿಲ್ಲದೇ ಇರಲಿಲ್ಲ. ಅನ್ನದಲ್ಲಿ ಯಾರಾದರೂ ಮದ್ದು ಹಾಕಿದರೆ ಆ ಮನೆಯ ಅನ್ನ ಸೇರುವುದಿಲ್ಲ, ಬೇರೆ ಮನೆಯದು ಸೇರುತ್ತದೆ. ಆಳು ಒಣಗುತ್ತ ಹೋಗುತ್ತದೆ. ಅಲ್ಲಿ ಮಕ್ಕಳಿಗೂ ಗೊತ್ತಿದ್ದ ಲಕ್ಷಣ ಅದು.

"ನಾ ಮದ್ದು ಹಾಕ್ದೆ ಅಂತ್ಯಾ ಗಂಗಾ?"

"ನಾ ಯಾರ ಹೆಸ್ರೂ ಎತ್ತಲಿಲ್ಲ."

"ಎತ್ತುದು ಎಂತಕೆ? ಈ ಮನೇಲಿ ಸೌಟು ಹಿಡಿಯೋಳು ನಾನೊಬ್ಳೇ!"

"ಅಮ್ಮ, ಸುಮ್ನಿರು. ಯಾರೂ ಎಂತದೂ ಹಾಕಲಿಲ್ಲ" ಅಂದಳು ಮಂಗಲಾ.

"ಹಂಗಾರೆ ಇಲ್ಲಿ ಎಂತಕೆ ಉಣ್ಣುದಿಲ್ಲ? ಹೇಳು, ನಿನ್ನ ಅತ್ತೆ ಎದುರಿಗೇ ಹೇಳು."

ಮಂಗಲಾ ಮಾವನ ಕಡೆ ನೋಡಿದಳು. ಮಾಬ್ಲ ಬಲೆಯ ಕಣ್ಣಿಗೆ ದಾರ ಹಾಕುತ್ತ ಅಲ್ಲಿಯೇ ಕೂತಿದ್ದ. ಅವಳು ಬಾಯಿ ತೆರೆದು ಮುಚ್ಚಿದಳು.

"ನೋಡ್ದ್ರಾ?" ಅಂದಳು ಗಂಗಾ.

ಹೊನ್ನಾವರದ ಆಚೆ ಒಂದು ಊರಿನಲ್ಲಿ ಮದ್ದು ತೆಗೆಯುವವನಿದ್ದ. ಕರೆದುಕೊಂಡು ಹೋಗುವುದೆಂದು ಗಂಗಾ ನಿಶ್ಚಯಿಸಿದಳು. ಹೊರಡುವ ದಿನ ಈರಮ್ಮ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ನೀವೆಲ್ಲಿಗೆ ಈರಕ್ಕ?"

"ನಾನೂ ಬತ್ತೆ. ತೆಗ್ದದ್ದು ನನ್ನ ಕಣ್ಣೆದುರೇ ತೆಗೀಲಿ. ಆಮೇಲೆ ಊರೆಲ್ಲ ತೋರಿಸ್ಕಂಡು ಬರುಕೆ ನಿಂಗೆ ಬಿಡುದಿಲ್ಲ."

ಬಸ್ಸಿನಲ್ಲಿ ಬೀಗಿತ್ತಿಯರಿಬ್ಬರು ಎರಡು ಕಿಟಕಿಗೆ ಕೂತರು, ಮಂಗಲಾ ನಡುವಿನ ಸೀಟಿನಲ್ಲಿ. ಹಿಂದಿನ ರಾತ್ರಿ ಎರಡು ತುತ್ತು ಉಂಡ ಮೇಲೆ ಅವಳು ನೀರನ್ನೂ ಸರಿಯಾಗಿ ಕುಡಿದಿರಲಿಲ್ಲ.

ಮದ್ದು ತೆಗೆಯುವವನು ಹಸಿರು ಕಷಾಯ ಕುಡಿಸಿದ. ಮಂಗಲಾ ಅಂಗಳದ ತೆಂಗಿನ ಬುಡದಲ್ಲಿ ವಾಂತಿ ಮಾಡಿದಳು. ಮಾಡಲು ಎಂತದೂ ಉಳಿಯದಿದ್ದರೂ ಮಾಡಿದಳು. ಅವನು ಕೋಲಿನಿಂದ ಕೆದಕಿ, ಕಪ್ಪಗಿನ ಚೂರೊಂದನ್ನು ಎತ್ತಿ ತೋರಿಸಿ, "ಬಂತು. ಹಳೇ ಮದ್ದು" ಅಂದ.

ಈರಮ್ಮ ಬಗ್ಗಿ ನೋಡಿದಳು. "ಇದು ಮುರುಗಲು ಸಿಪ್ಪೆ. ನಿನ್ನೆ ಸಾರಿಗೆ ಹಾಕಿದ್ದು. ನಾನೇ ಹಾಕಿದ್ದು. ಇದಾ ಮದ್ದು?"

"ಹಾಕಿದವರು ಹಂಗೇ ಹೇಳುದು ತಾಯಿ" ಅಂದ ಅವನು ಸಮಾಧಾನದಲ್ಲಿ.

ಆ ಮಾತು ಎಷ್ಟು ದೂರ ಹೋಗಬಹುದಿತ್ತೋ. ಆದರೆ ಅಷ್ಟರಲ್ಲಿ ಮಂಗಲಾ ತೆಂಗಿನ ಬುಡದಲ್ಲೇ ಕುಸಿದಳು. ಸೀರೆಯ ಹಿಂದೆ ರಕ್ತ. ಗಂಗಾ ತಲೆಯ ಕಡೆ ಹಿಡಿದಳು, ಈರಮ್ಮ ಕಾಲಿನ ಕಡೆ. ರಿಕ್ಷಾ ಹತ್ತಿಸುವವರೆಗೆ ಇಬ್ಬರೂ ಮದ್ದಿನ ಸುದ್ದಿ ಎತ್ತಲಿಲ್ಲ.

ಕುಮಟೆಯ ಡಾಕ್ಟರು ನೋಡಿದವರೇ, "ಇದು ನಾನಂದುಕೊಂಡದ್ದಲ್ಲ ಅಂತ ಕಾಣ್ತದೆ. ಮಂಗಳೂರಿನ ಕಡೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡಬೇಡಿ" ಅಂದರು.

*

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಜೊತೆಗಿರಲು ಹೆಂಗಸೇ ಬೇಕು. ಮೀನಿನ ಹಂಗಾಮು, ಈರಮ್ಮ ಹೋಗುವಂತಿಲ್ಲ. ಗಂಗಾಳನ್ನು ಕಳಿಸಲು ಈರಮ್ಮನಿಗೆ ಮನಸ್ಸಿಲ್ಲ. ಕಡೆಗೆ ಸೌಜನ್ಯಾ ಕಾಲೇಜಿಗೆ ರಜೆ ಹಾಕಿ ಅಣ್ಣನ ಜೊತೆ ಹೋದಳು.

ಅಲ್ಲಿ ನೋಡಿದ್ದು ಹೆಂಗಸು ಡಾಕ್ಟರು. ಪರದೆ ಎಳೆದು, ಮಂಗಲಾಳನ್ನು ಮಗ್ಗುಲಾಗಿಸಿ ಪರೀಕ್ಷಿಸಿದರು.

"ಈ ಹುಣ್ಣು ಯಾವಾಗಿನಿಂದ ಉಂಟು?"

"ಒಂದು ವರ್ಷ ಆತು."

"ಅಲ್ಲಿ ಡಾಕ್ಟರಿಗೆ ತೋರಿಸಿದ್ರಾ?"

"ಅವ್ರು ಗಂಡಸ್ರು."

ಡಾಕ್ಟರು ಕೈಗವಸು ಕಳಚಿದರು. ಬೈಯಲಿಲ್ಲ. "ಇದೊಂದು ಹೇಳಿದ್ದಿದ್ರೆ ಅವರಿಗೂ ಆಗಲೇ ಅನುಮಾನ ಬರ್ತಿತ್ತು" ಅಂದರು. ಹಿಂದಿನಿಂದ ನಳಿಗೆ ಹಾಕಿ ಕರುಳು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ರಕ್ತ ಏರಿಸಿದರು. ಫಲಿತಾಂಶ ಬಂದ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿದರು. ಸೌಜನ್ಯಾ ಬಾಗಿಲ ಹತ್ತಿರ ನಿಂತಿದ್ದಳು.

"ಇದಕ್ಕೆ ಕ್ರೋನ್ಸ್ ಕಾಯಿಲೆ ಅಂತ ಹೆಸರು. ಕರುಳಿನ ಒಳಗೆ ಹುಣ್ಣಾಗಿದೆ. ಮೈಯನ್ನು ಕಾಯುವ ಶಕ್ತಿಯೇ ತಿರುಗಿ ಕರುಳಿನ ಮೇಲೆ ಬಿದ್ದಿದೆ. ಯಾಕೆ ಅಂತ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಹರಡ್ತದಾ?" ಕೇಳಿದ ನಾಗಪತಿ.

"ಇಲ್ಲ. ಒಂದೇ ಬಟ್ಟಲಲ್ಲಿ ಉಂಡರೂ ಇಲ್ಲ."

"ಯಾರಾದ್ರೂ ಎಂತದಾದ್ರೂ ಹಾಕಿದ್ರೆ ಬತ್ತದಾ?" ಕೇಳಿದಳು ಸೌಜನ್ಯಾ.

"ಯಾರು ಹಾಕೂದು?"

"ನಮ್ಮ ಅಮ್ಮ."

ನಾಗಪತಿ ತಂಗಿಯನ್ನು ಕಣ್ಣಲ್ಲೇ ಗದರಿಸಿದ. ಡಾಕ್ಟರು ನಗಲಿಲ್ಲ. "ಯಾರೂ ಹಾಕಿ ಬರುವ ಕಾಯಿಲೆ ಅಲ್ಲ. ನಿಮ್ಮಮ್ಮನಿಗೆ ನಾನು ಹೇಳಿದೆ ಅಂತ ಹೇಳು" ಅಂದು ಮಂಗಲಾಳ ಕಡೆ ತಿರುಗಿದರು.

"ಪೂರ್ತಿ ಹೋಗುವ ಕಾಯಿಲೆ ಅಲ್ಲಮ್ಮ. ಮಲಗ್ತದೆ, ಏಳ್ತದೆ. ಮಲಗಿಸಿ ಇಡೂದು ನಮ್ಮ ಕೆಲಸ. ಮಾತ್ರೆಯಿಂದ ಮುಖ ಊದ್ತದೆ, ಹೆದರಿ ಮಾತ್ರೆ ಬಿಡಬೇಡಿ. ಒಮ್ಮೆಲೇ ನಿಲ್ಲಿಸಿದ್ರೆ ಅಪಾಯ. ಮುಟ್ಟು ನಿಂತದ್ದು ಮೈಯಲ್ಲಿ ರಕ್ತ ಇಲ್ಲದೆ, ಮಾಂಸ ಇಲ್ಲದೆ. ಮೈ ಹಿಡಿದ್ರೆ ಬರ್ತದೆ. ಮಗುವಿನ ವಿಷಯ ಆಮೇಲೆ, ಕಾಯಿಲೆ ಮಲಗಿದ ಮೇಲೆ, ನನ್ನನ್ನು ಕೇಳಿ. ಈಗ ಒಂದೇ ಕೆಲಸ. ಉಣ್ಣಬೇಕು. ಸ್ವಲ್ಪ ಸ್ವಲ್ಪ, ಹಗಲಲ್ಲಿ ನಾಲ್ಕೈದು ಸಲ. ಉಣ್ಣದಿದ್ರೆ ನನ್ನ ಯಾವ ಮಾತ್ರೆಯೂ ನಿಮ್ಮನ್ನು ಉಳಿಸೂದಿಲ್ಲ."

ಮಂಗಲಾ ಆಸ್ಪತ್ರೆಯಲ್ಲಿ ಉಂಡಳು. ಬೆಳಿಗ್ಗೆ ಇಡ್ಲಿ, ಹನ್ನೊಂದಕ್ಕೆ ಗಂಜಿ, ಮಧ್ಯಾಹ್ನ ಸಪ್ಪೆ ಸಾರು ಅನ್ನ, ಕೊಟ್ಟದ್ದನ್ನೆಲ್ಲ ಉಂಡಳು. ಉಂಡ ಮೇಲೆ ಹೊಟ್ಟೆ ಹಿಡಿದು ವಾರ್ಡಿನ ಮೂಲೆಯ ಬಾಗಿಲಿಗೆ ಹೋಗುವಳು, ಬಂದು ಮಲಗುವಳು, ಮತ್ತೆ ಉಣ್ಣುವಳು. ಊರಿಗೆ ಮರಳುವಾಗ ಪ್ಯಾಸೆಂಜರ್ ರೈಲಿನಲ್ಲಿ ಕಟ್ಟಿಸಿಕೊಂಡು ಬಂದ ಮೊಸರನ್ನವನ್ನು ಉಡುಪಿ ದಾಟುವಾಗ ಸ್ವಲ್ಪ, ಭಟ್ಕಳ ದಾಟುವಾಗ ಸ್ವಲ್ಪ ಉಂಡಳು. ನಡುವೆ ಎರಡು ಸಲ ಬೋಗಿಯ ಕೊನೆಗೆ ಹೋಗಿ ಬಂದಳು.

ಸೌಜನ್ಯಾ ಎದುರಿಗೆ ಕೂತು ನೋಡುತ್ತಿದ್ದಳು. "ಅತ್ತಿಗೆ, ನೀನು ರೈಲಲ್ಲೂ ಉಣ್ತಿ. ಮನೇಲಿ ಎಂತಕೆ ಇಲ್ಲ?"

ಮಂಗಲಾ ಗಂಡನನ್ನು ನೋಡಿದಳು. ಅವನು ಬಾಯಿ ತೆರೆದು ನಿದ್ದೆ ಹೋಗಿದ್ದ.

"ರೈಲಲ್ಲಿ ಸಂಡಾಸು ಅದೆ" ಅಂದಳು.

*

ಮನೆಗೆ ಬಂದ ಮೊದಲ ದಿನ ಈರಮ್ಮ ಕೆಂಪು ಮೆಣಸು ಕಡಿಮೆ ಮಾಡಿ, ಬೆಳ್ತಿಗೆ ಅಕ್ಕಿ ಮೆತ್ತಗೆ ಬೇಯಿಸಿ, ನೊಗಲಿ ಮೀನನ್ನು ಬರೇ ಅರಿಶಿನ ಉಪ್ಪಿನಲ್ಲಿ ಬೇಯಿಸಿ ಮುಳ್ಳು ತೆಗೆದು ಇಟ್ಟಳು. ರವಿವಾರ. ಐದೂ ಜನ ಮನೆಯಲ್ಲಿ. ಮಂಗಲಾ ಎರಡು ತುತ್ತು ಬಾಯಿಗಿಟ್ಟು ಕೈ ತೊಳೆದಳು.

ಈರಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಆಸ್ಪತ್ರೆಯ ನೀರ್ ಸಾರು ಇಳೀತದೆ. ಅವ್ವನ ಮನೆ ಅನ್ನ ಇಳೀತದೆ. ನಂದು ಮಾತ್ರ ಗಂಟಲಿಗೆ ಸಿಕ್ತದೆ. ಊರಲ್ಲಿ ನಾ ಮದ್ದು ಹಾಕ್ದವಳು ಅಂತ ಆತು. ನೇತ್ರಾ ನಮ್ಮನೆ ಚಾ ಕುಡಿಯುದು ಬಿಟ್ಟದೆ, ಗೊತ್ತದ್ಯಾ? ಇನ್ನು ನಾ ಎಂತ ಮಾಡ್ಲಿ? ನಿನ್ನ ಕಾಲು ಹಿಡೀಲಾ?"

"ಅಮ್ಮ, ಅದು ಹಂಗಲ್ಲ" ಅಂದಳು ಸೌಜನ್ಯಾ.

"ನೀ ಸುಮ್ನಿರು. ಅದ್ಕೆ ಬಾಯಿ ಇಲ್ವಾ?"

ಮಂಗಲಾ ಗೋಡೆ ಹಿಡಿದು ನಿಂತಿದ್ದಳು. "ಉಂಡ್ರೆ ಹೋಗ್ಬೇಕಾತದೆ ಅತ್ತೆ. ಉಂಡ ಕೂಡ್ಲೆ. ತಡ್ಕಳುಕೆ ಆಗುದಿಲ್ಲ. ಅಮ್ಮನ ಮನೇಲಿ ಲಾಡ್ಜಿನ ಸಂಡಾಸು ಅದೆ. ಇಲ್ಲಿ ಹಗಲಲ್ಲಿ ನಾ ಎಲ್ಲಿಗೆ ಹೋಗ್ಲಿ?"

ಮಾಬ್ಲ ತುತ್ತನ್ನು ಬಾಯಿಗೆ ಒಯ್ಯದೆ ಹಿಡಿದುಕೊಂಡ. ನಾಗಪತಿ ನೆಲ ನೋಡಿದ.

ಆ ಮನೆಯ ಹೆಂಗಸರು ಬೆಳಕು ಹರಿಯುವ ಮುಂಚೆ ತಂಬಿಗೆ ಹಿಡಿದು ಮೇಲಿನ ಗೇರು ಹಕ್ಕಲಿಗೆ, ಗಿಡಗಳ ಮರೆಗೆ, ಹೋಗಿ ಬರುತ್ತಿದ್ದರು. ಮತ್ತೆ ಕತ್ತಲಾದ ಮೇಲೆ. ನಡುವೆ ಹೊಟ್ಟೆಗೆ ಬುದ್ಧಿ ಹೇಳಿ ಇಟ್ಟುಕೊಳ್ಳುವುದು. ಗಂಡಸರು ಯಾವಾಗ ಬೇಕಾದರೂ ಅಳಿವೆಯ ದಂಡೆಗೆ ಹೋಗುತ್ತಿದ್ದರು, ಹಾಗಾಗಿ ಅವರಿಗೆ ಅದೊಂದು ವಿಷಯ ಎಂದು ಅನಿಸಿದ್ದೇ ಇಲ್ಲ.

"ಇಷ್ಟಕ್ಕಾ?" ಅಂದಳು ಈರಮ್ಮ ಕೊನೆಗೆ. "ಇಷ್ಟಕ್ಕಾ ನೀ ಉಪವಾಸ ಸತ್ತದ್ದು? ನಾವೆಲ್ಲ ಹೋಗ್ಲಿಲ್ವಾ? ಇವ್ನ ಹೆತ್ತು ಹತ್ತು ದಿನಕ್ಕೆ ನಾ ಹಕ್ಕಲು ಹತ್ತಿದ್ದೆ."

"ನಿಮ್ಗೆ ದಿನಕ್ಕೆ ಒಂದು ಸಲ ಅತ್ತೆ. ನಂಗೆ ಎಂಟು ಹತ್ತು ಸಲ."

"ಮೊದ್ಲೇ ಹೇಳುಕೆ ಎಂತ ಆಗಿತ್ತು?"

"ಮಾವನೆದುರಿಗೆ ಹೇಳ್ಲಾ?"

ಮಾಬ್ಲ ಎದ್ದು ಕೈ ತೊಳೆಯಲು ಹೋದ.

ಸಂಜೆ ನಾಗಪತಿ ಅಳತೆಯ ಹಗ್ಗ ಹಿಡಿದು ಮನೆಯ ಸುತ್ತ ತಿರುಗಿದ. ಎಡಕ್ಕೆ ಬಾವಿ, ಗುಂಡಿ ತೋಡುವಂತಿಲ್ಲ. ಎದುರಿಗೆ ರಸ್ತೆ. ಹಿಂದೆ ಕಲ್ಲು. ಹಗ್ಗ ಹಿಡಿದುಕೊಂಡು ಮೀನಿನ ಅಂಗಳದ ಅಂಚಿನಲ್ಲಿ ನಿಂತ.

"ಅಲ್ಲಿಂದ ಕಾಲು ತೆಗಿ" ಅಂದಳು ಈರಮ್ಮ.

"ಅಮ್ಮ, ಬೇರೆ ಜಾಗ ಇಲ್ಲ."

"ಸಂಡಾಸಿನ ಮಗ್ಗುಲಿಗೆ ಒಣಗ್ಸಿದ ಮೀನು ನೀ ತಿನ್ತ್ಯಾ? ಹುಬ್ಬಳ್ಳಿಯವ ಕೇಳಿದ್ರೆ ಎಂತ ಹೇಳ್ಲಿ? ಬಲಕ್ಕೆ ಬಂಗಡೆ, ಎಡಕ್ಕೆ ಸಂಡಾಸು ಅಂತ ಹೇಳ್ಲಾ? ನಿನ್ನ ಬೋಟಿಗೆ ಮೀನು ಬೀಳದ ತಿಂಗಳು ಈ ಅಂಗಳ ನಿನ್ನ ಹೊಟ್ಟೆ ಹೊರ್ದದೆ."

"ದಂಡೆ ಮೇಲೆ ಒಣಗ್ಸು."

"ಮರಳಲ್ಲಾ? ಮತ್ತೆ ನಂಗೂ ಉಳಿದವ್ರಿಗೂ ಎಂತ ವ್ಯತ್ಯಾಸ?"

"ಡಾಕ್ಟ್ರು ಹೇಳಿದ್ದು ಕೇಳ್ಳಿಲ್ವಾ? ಉಣ್ಣದಿದ್ರೆ ಉಳಿಯುದಿಲ್ಲ ಅಂದ್ರು."

"ಕತ್ತಲಾದ ಮೇಲೆ ಉಣ್ಣಲಿ. ಹೊಟ್ಟೆ ತುಂಬ ಉಣ್ಣಲಿ. ಸೌಜನ್ಯಾ ಲಾಟೀನು ಹಿಡ್ಕಂಡು ಜೊತೆಗೆ ಹೋಗ್ಲಿ."

"ನಾ ಹೋಗ್ತೆ. ಆದ್ರೆ ಹಗಲಲ್ಲಿ ನಾಲ್ಕೈದು ಸಲ ಉಣ್ಬೇಕು ಅಂದಿದ್ದಾರೆ ಅಮ್ಮ" ಅಂದಳು ಸೌಜನ್ಯಾ. "ಹಗಲನ್ನು ಕತ್ತಲು ಮಾಡುಕೆ ನನ್ನ ಲಾಟೀನಿಗೆ ಆಗುದಿಲ್ಲ."

"ಕಾಲೇಜಿಗೆ ಕಳ್ಸಿದ್ದೇ ತಪ್ಪಾತು."

ನಾಗಪತಿ ಹಗ್ಗ ಸುತ್ತಿ ಮೊಳೆಗೆ ನೇತುಹಾಕಿದ. ಮರುದಿನ ಬೋಟು ಹೊರಟಿತು, ಅವನೂ ಹೊರಟ.

*

ವಾರಗಳು ಹೀಗೆಯೇ ಹೋದವು. ಮಂಗಲಾ ಮಾತ್ರೆ ತಪ್ಪಿಸಲಿಲ್ಲ. ಬರೇ ಹೊಟ್ಟೆಗೆ ಬಿದ್ದ ಮಾತ್ರೆ ಎದೆ ಉರಿಸುತ್ತಿತ್ತು. ಕೆನ್ನೆ ದುಂಡಗಾಗಿ, ಗದ್ದದ ಕೆಳಗೆ ಊದಿ, ಕೈಕಾಲು ಮಾತ್ರ ಕಡ್ಡಿಯಾಗಿಯೇ ಉಳಿಯಿತು. ನೇತ್ರಾ ಬೇಲಿಯ ಮೇಲಿಂದ ನೋಡಿ, "ಈಗ ಮುಖಕ್ಕೆ ಕಳೆ ಬಂತು. ಮದ್ದು ತೆಗ್ಸಿದ್ದು ಗುಣ ಆತು ಅಲ್ದಾ ಈರಕ್ಕ?" ಅಂದಳು. ಈರಮ್ಮ ಒಂದು ಮುಷ್ಟಿ ಉಪ್ಪನ್ನು ಮೀನಿನ ಮೇಲೆ ಜೋರಾಗಿ ಎರಚಿದಳು.

ಮಧ್ಯಾಹ್ನ ಬಡಿಸುವುದನ್ನು ಈರಮ್ಮ ನಿಲ್ಲಿಸಿದಳು. ಒಲೆಯ ಪಕ್ಕದಲ್ಲಿ ಅನ್ನದ ಪಾತ್ರೆ ಇರುತ್ತಿತ್ತು, ಬೇಕಾದವರು ಹಾಕಿಕೊಳ್ಳಬೇಕು. ಅತ್ತೆ ಸೊಸೆಯ ನಡುವೆ ಮಾತು, ನೀರು ಬಂತಾ, ಕಾಗೆ ಬಂತು ನೋಡು, ಇಷ್ಟಕ್ಕೆ ನಿಂತಿತು.

ಒಂದು ದಿನ ಮಾಬ್ಲ ಸಂತೆಗೆ ಹೋಗಿದ್ದ. ಈರಮ್ಮ ಬಂದರಿಗೆ ಮೀನು ತರಲು ಹೋದವಳು ಬುಟ್ಟಿ ಹೊತ್ತು ಮರಳುವಾಗ ಸೂರ್ಯ ನೆತ್ತಿಯ ಮೇಲಿದ್ದ. ಮನೆಯಲ್ಲಿ ಯಾರೂ ಕಾಣಲಿಲ್ಲ. ಒಲೆಯ ಹತ್ತಿರ ಅರ್ಧ ಉಂಡ ಬಟ್ಟಲು. ಮನೆಯಲ್ಲಿ ಯಾರೂ ಇಲ್ಲದ್ದಕ್ಕೋ, ಎದೆಯುರಿ ತಾಳಲಾರದೆಯೋ, ಮಂಗಲಾ ಆ ದಿನ ಹಗಲಲ್ಲಿ ಉಂಡಿದ್ದಳು.

ಈರಮ್ಮ ಹಿತ್ತಲ ಬದಿಗೆ ಬಂದು ಕೂಗಿದಳು. ಗೇರು ಹಕ್ಕಲಿನ ಕಾಲುದಾರಿಯಲ್ಲಿ, ಕಲ್ಲಿನ ಮರೆಯಲ್ಲಿ ಮಂಗಲಾ ಮೊಣಕಾಲಿಗೆ ಮುಖ ಇಟ್ಟು ಕೂತಿದ್ದಳು. ಹಕ್ಕಲಿನಲ್ಲಿ ಕಟ್ಟಿಗೆ ಕಡಿಯುವ ಗಂಡಸರಿದ್ದರು, ಅವರ ಮಾತು ಕೇಳುತ್ತಿತ್ತು. ಮೇಲೆ ಹೋಗಲಾಗಿರಲಿಲ್ಲ. ಮನೆ ತನಕ ಹಿಂದೆ ಬರಲೂ ಆಗಿರಲಿಲ್ಲ. ಸೀರೆ ಪೂರ್ತಿ ಹಾಳಾಗಿತ್ತು. ತಂಬಿಗೆ ಉರುಳಿ ಬಿದ್ದಿತ್ತು.

"ಏಳು" ಅಂದಳು ಈರಮ್ಮ.

"ಬ್ಯಾಡ ಅತ್ತೆ. ನೀವು ಹೋಗಿ. ಕತ್ತಲಾದ ಮೇಲೆ ಬತ್ತೆ."

"ಕತ್ತಲಾಗುಕೆ ಇನ್ನೂ ಎಷ್ಟು ಹೊತ್ತದೆ! ಏಳು."

"ಅವ್ರು ಕಾಣ್ತಾರೆ."

ಈರಮ್ಮ ತನ್ನ ತಲೆಯ ಮೇಲಿನ ಬಟ್ಟೆ ಬಿಚ್ಚಿ ಸೊಸೆಯ ಸೊಂಟಕ್ಕೆ ಸುತ್ತಿದಳು. ಕಟ್ಟಿಗೆಯವರ ಕಡೆ ತಿರುಗಿ, "ಏ ತಮಾ, ಹೆಂಗಸ್ರು ಇದ್ದಾರೆ, ಆಚೆ ಮುಖ ಮಾಡಿ ನಿಂತ್ಕಣಿ!" ಎಂದು ಊರಿಗೆ ಕೇಳುವಂತೆ ಕೂಗಿದಳು. ಕೊಡಲಿಯ ಸದ್ದು ನಿಂತಿತು.

ಬಾವಿಕಟ್ಟೆಯ ಹಿಂದೆ ಚಾಪೆ ಅಡ್ಡ ಕಟ್ಟಿ, ಕೊಡಗಟ್ಟಲೆ ನೀರು ಸೇದಿ ಹೊಯ್ದಳು. ಮಂಗಲಾ ಬೇಡ ಬೇಡ ಅನ್ನುತ್ತಿದ್ದರೂ ತಾನೇ ತೊಳೆದಳು. ಆಗ ಆ ಹುಣ್ಣು ಕಂಡಿತು. ಬೆನ್ನಿನ ಎಲುಬುಗಳು ಕಂಡವು, ಮೀನಿನ ನಡುಮುಳ್ಳು ಕಂಡ ಹಾಗೆ ಒಂದೊಂದಾಗಿ.

"ಇದು ಎಂತದೇ?"

"ಅದೂ ಅದೇ ಕಾಯಿಲೆ ಅತ್ತೆ."

ಈರಮ್ಮ ಸೀರೆಯನ್ನು ಕಲ್ಲಿನ ಮೇಲೆ ಬಡಿದು ಬಡಿದು ಒಗೆದಳು. ಬುಟ್ಟಿಯ ಮೀನು ಬಿಸಿಲಿಗೆ ಮೆತ್ತಗಾಗುತ್ತಿದ್ದದ್ದು ಅವಳಿಗೆ ನೆನಪಾದದ್ದು ಒಗೆದು ಮುಗಿದ ಮೇಲೆ. ಅರ್ಧದಷ್ಟು ಎಸೆಯಬೇಕಾಯಿತು.

ಆ ವಾರ ನಾಗಪತಿ ಮನೆಗೆ ಬಂದು ಕೈಕಾಲು ತೊಳೆಯುವ ಮುಂಚೆಯೇ ಈರಮ್ಮ ಮೊಳೆಯಿಂದ ಅಳತೆ ಹಗ್ಗ ತೆಗೆದು ಅವನ ಕೈಗೆ ಕೊಟ್ಟಳು.

"ಬಾವಿಯಿಂದ ಎಷ್ಟು ದೂರ ಆತದೋ ಅಷ್ಟು ದೂರಕ್ಕೆ ಹಾಕು. ನನ್ನ ಅಂಗಳದ ಮೂಲೆ ಹೋದ್ರೆ ಹೋಗ್ಲಿ."

"ಅಮ್ಮ, ಮೀನು?"

"ಮೀನು ನಾ ನೋಡ್ಕಣ್ತೆ. ನೀ ಗುಂಡಿ ತೋಡು. ಮತ್ತೆ ಬೋಟು ಹೊರಡ್ತು ಅಂತ ಅರ್ಧಕ್ಕೆ ಬಿಟ್ರೆ ಆ ಗುಂಡಿಗೆ ನಿನ್ನೇ ಹಾಕಿ ಮುಚ್ತೆ."

ನಾಗಪತಿ ಬೋಟು ತಪ್ಪಿಸಿ ಗುಂಡಿ ತೋಡಿದ. ಮಾಬ್ಲ ಬಲೆ ಬದಿಗಿಟ್ಟು ಚೀರೆಕಲ್ಲು ಎತ್ತಿ ಕೊಟ್ಟ. ಬಾಗಿಲು ಮಾಡಿ ಮುಗಿಯುವವರೆಗೆ ಈರಮ್ಮ ಎಲ್ಲರನ್ನೂ ಬೈದಳು. ಕಲ್ಲು ಸೊಟ್ಟ, ಬಾಗಿಲು ಗಿಡ್ಡ, ಸಿಮೆಂಟು ತನ್ನ ಮೀನಿನ ಬಲೆಗೆ ಹಾರಿತು. ಮಂಗಲಾ ಹತ್ತಿರ ಬಂದರೆ, "ಹೋಗು, ಒಳಗೆ ಕೂರು. ನಿನ್ನ ಅರಮನೆ ತಯಾರಾಗಿಲ್ಲ" ಅನ್ನುವಳು.

*

ಸುದ್ದಿ ಊರಲ್ಲಿ ಹರಡಲು ಹೊತ್ತಾಗಲಿಲ್ಲ. ಈರಮ್ಮ ಉಳಿದ ಅಂಗಳದಲ್ಲಿ ಗಳ ನೆಟ್ಟು, ಎತ್ತರದಲ್ಲಿ ಬಲೆ ಕಟ್ಟಿ ಮೀನು ಹರವಿದಳು. ಹರವಿದ್ದು ಮೊದಲಿನ ಅರ್ಧವೂ ಇಲ್ಲ. ನೇತ್ರಾ ದಂಡೆಯಲ್ಲಿ ನಾಲ್ಕು ಜನರೆದುರು ಮೂಗು ಮುಚ್ಚಿ ತೋರಿಸಿದಳಂತೆ. ಹೇಳಿದವರು ನಗುತ್ತಲೇ ಹೇಳಿದರು.

ಮಂಗಲಾ ಹಗಲು ಉಣ್ಣತೊಡಗಿದಳು. ಮೊದಲು ಹೆದರಿ ಹೆದರಿ, ಬಾಗಿಲ ಕಡೆ ನೋಡುತ್ತ. ಆಮೇಲೆ ಬೆಳಿಗ್ಗೆ ಗಂಜಿ, ಹತ್ತು ಗಂಟೆಗೆ ಬಾಳೆಹಣ್ಣು, ಮಧ್ಯಾಹ್ನ ಮೆತ್ತಗಿನ ಅನ್ನ. ಕಾಯಿಲೆ ಹೋಗಲಿಲ್ಲ. ಕೆಲವು ದಿನ ನೋವಿನಿಂದ ಚಾಪೆ ಬಿಟ್ಟೇಳುತ್ತಿರಲಿಲ್ಲ. ಮುಟ್ಟೂ ಬರಲಿಲ್ಲ. ಆದರೆ ಕೈಯ ಬಳೆ ಮೊಣಕೈ ತನಕ ಜಾರುವುದು ನಿಂತಿತು.

ಹುಬ್ಬಳ್ಳಿಯ ವ್ಯಾಪಾರಿಯ ಟೆಂಪೋ ಬಂದು ನಿಂತದ್ದು ಸರಿಯಾಗಿ ಊಟದ ಹೊತ್ತಿಗೆ. ಈರಮ್ಮ ಸೊಸೆಗೆ ಬಡಿಸಿ ಹೊರಗೆ ಬಂದು ಮೀನಿನ ಚೀಲ ಬಿಚ್ಚಿ ತೋರಿಸಿದಳು. ವ್ಯಾಪಾರಿ ಒಂದು ಬಂಗಡೆ ಎತ್ತಿ ಮುರಿದು ನೋಡಿದ, ತಲೆಯಾಡಿಸಿದ. ಅಷ್ಟರಲ್ಲಿ ಮಂಗಲಾ ಒಳಗಿನಿಂದ ಬಂದಳು, ಹೊಟ್ಟೆಯ ಮೇಲೆ ಒಂದು ಕೈ, ಇನ್ನೊಂದರಲ್ಲಿ ಬಕೆಟು. ವ್ಯಾಪಾರಿ, ಅವನ ಡ್ರೈವರು, ಬೇಲಿಯಾಚೆ ನೇತ್ರಾ. ಮಂಗಲಾ ಹೊಸ್ತಿಲಲ್ಲಿ ನಿಂತಳು. ಹಿಂದೆ ಸರಿದಳು.

"ನಿಂತದ್ದು ಎಂತಕೆ? ಹೋಗು" ಅಂದಳು ಈರಮ್ಮ, ತಿರುಗಿ ನೋಡದೆ.

ಮಂಗಲಾ ಎಲ್ಲರೆದುರು ಅಂಗಳ ದಾಟಿ ಹೋಗಿ ಬಾಗಿಲು ಹಾಕಿಕೊಂಡಳು.

"ಅದೇನ್ರಿ ಅಮ್ಮಾರ, ಹೊಸಾದು ಕಟ್ಟೀರಿ?" ಕೇಳಿದ ವ್ಯಾಪಾರಿ.

"ಸಂಡಾಸು."

"ಮೀನಿನ ಬಾಜೂಕ?"

"ನನ್ನ ಸೊಸೆಗೆ ಕರುಳಿನ ಕಾಯಿಲೆ. ಬೇರೆ ಜಾಗ ಇಲ್ಲ. ಮೀನು ಎತ್ತರದಲ್ಲಿ ಒಣಗ್ಸಿದ್ದು, ನೀವೇ ನೋಡಿ. ಮರಳಿಲ್ಲ, ನೊಣ ಇಲ್ಲ. ಬೇಕಾರೆ ತಕಣಿ."

ವ್ಯಾಪಾರಿ ಕೈಯಲ್ಲಿದ್ದ ಬಂಗಡೆಯನ್ನು ಚೀಲಕ್ಕೆ ಹಾಕಿದ. "ಮಾಲು ಚಲೋ ಐತ್ರಿ, ನಾ ಇಲ್ಲ ಅನ್ನಂಗಿಲ್ಲ. ಮಂದಿಗಿ ಗೊತ್ತಾದ್ರ ನನ್ನ ಅಂಗಡಿಗೆ ಬರಂಗಿಲ್ಲ. ಮುಂದ ನೋಡೂಣು" ಅಂದು ಕೈ ಒರೆಸಿಕೊಂಡ. ಟೆಂಪೋ ಬಂದರಿನ ಕಡೆ ಇಳಿಯಿತು. ನೇತ್ರಾಳೂ ಬೇಲಿಯಿಂದ ಮರೆಯಾದಳು, ಅವಳ ಮೀನು ದಂಡೆಯಲ್ಲಿತ್ತು.

ಈರಮ್ಮ ಚೀಲದ ಬಾಯಿ ಕಟ್ಟಿದಳು. ಗಂಟು ಸರಿ ಬೀಳಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು. ಚೀಲಕ್ಕೆ ಒರಗಿ ಅಲ್ಲಿಯೇ ನೆಲಕ್ಕೆ ಕೂತಳು.

ಬಾಗಿಲು ತೆರೆಯಿತು. ಮಂಗಲಾ ಬಾವಿಯ ಹತ್ತಿರ ಕೈ ತೊಳೆದು ಬಂದು ರಸ್ತೆಯ ಕಡೆ ನೋಡಿದಳು.

"ಅವ್ರು ಹೋದ್ರಾ ಅತ್ತೆ? ತಕಣಲಿಲ್ವಾ?"

"ಇಲ್ಲ."

"ನನ್ನಿಂದ ಆತು."

"ಹೌದು, ನಿನ್ನಿಂದಲೇ ಆತು" ಅಂದಳು ಈರಮ್ಮ. ಕೈಯೂರಿ ಎದ್ದು ಸೀರೆಗೆ ಹತ್ತಿದ ಉಪ್ಪು ಕೊಡವಿಕೊಂಡಳು. "ಉಂಡದ್ದೆಲ್ಲ ಹೋತಾ?"

"ಹೋತು."

"ಹಂಗಾರೆ ಬಂದು ಕೂರು. ಅನ್ನ ಇನ್ನೂ ಬಿಸಿ ಅದೆ."